ತಾಳ ತಪ್ಪುವ ಜಾಗ

ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ ಯಾರನ್ನೇ ಕೇಳಿ, 'ಅಯಾಂಬಿಕ್ ಪೆಂಟಾಮೀಟರ್' ಅಂದ್ರೆ ಏನು ಅಂತ ಥಟ್ಟನೆ ಹೇಳುತ್ತಾರೆ. ಇಂಗ್ಲಿಷ್ ಪದ್ಯದ ಒಂದು ಸಾಲಿನ ಅಳತೆ: ಒತ್ತಿಲ್ಲದ ಉಚ್ಚಾರ ಒಂದು, ಒತ್ತಿರುವುದು ಒಂದು, ಹೀಗೆ ಐದು ಜೋಡಿ. ಉತ್ತರ ಸರಿ, ಅಂಕ ಪೂರ್ತಿ. ಅವರ ಕೈಗೇ ಷೇಕ್ಸ್‌ಪಿಯರ್ ನಾಟಕದ ಒಂದು ಪುಟ ಕೊಟ್ಟು ಗಟ್ಟಿಯಾಗಿ ಓದಿ ಅನ್ನಿ. ವಾರ್ತೆ ಓದಿದ ಹಾಗೆ ಓದಿ ಮುಗಿಸುತ್ತಾರೆ.

ತಪ್ಪು ಅವರದ್ದಷ್ಟೇ ಅಲ್ಲ, ನಮ್ಮ ಕಿವಿ ಪಳಗಿರುವುದೇ ಬೇರೆ ರೀತಿ. ಕನ್ನಡ ಛಂದಸ್ಸಿನ ಲಘು, ಗುರು ಎಷ್ಟು ಹೊತ್ತು ಎಳೆಯುತ್ತೇವೆ ಅನ್ನುವ ಲೆಕ್ಕ. ಇಂಗ್ಲಿಷಿನದು ಎಲ್ಲಿ ಒತ್ತಿ ಹೇಳುತ್ತೇವೆ ಅನ್ನುವ ಲೆಕ್ಕ. ಹಾಜರಿ ಕೂಗಿದಾಗ ಹೇಳುವ 'ಪ್ರೆಸೆಂಟ್'ಗೆ ಒತ್ತು ಮೊದಲಲ್ಲಿ, ಪೇಪರ್ 'ಪ್ರೆಸೆಂಟ್' ಮಾಡುವಾಗ ಕೊನೆಯಲ್ಲಿ. ನಾವು ಎರಡನ್ನೂ ಒಂದೇ ಸಮ ಹೇಳುತ್ತೇವೆ. ಮಾತುಕತೆಯಲ್ಲಿ ಅದರಿಂದ ಏನೂ ನಷ್ಟ ಇಲ್ಲ ಬಿಡಿ. ನಾಟಕದ ಸಾಲಿನಲ್ಲಿ ಮಾತ್ರ ತಾಳವೇ ಕೇಳಿಸುವುದಿಲ್ಲ. ಕೇಳಿಸದೇ ಇದ್ದಾಗ ಏನು ಮಾಡುತ್ತೇವೆ? ಪೆನ್ಸಿಲ್ ಹಿಡಿದು ಪ್ರಸ್ತಾರ ಹಾಕುತ್ತೇವೆ, ಅಂದ್ರೆ ಒತ್ತು ಎಲ್ಲೆಲ್ಲಿ ಅಂತ ಗುರುತು ಹಾಕಿ ಎಣಿಸುತ್ತೇವೆ.

ಪ್ರಸ್ತಾರ ಬೇಡ ಅಂತಲ್ಲ. ಆದರೆ ಎಲ್ಲಾ ಸಾಲೂ ಲೆಕ್ಕಕ್ಕೆ ಸರಿ ಹೋಗಬೇಕು ಅಂತ ಹಟ ಹಿಡಿದರೆ ಸಿಗಬೇಕಾದ್ದೇ ಸಿಗುವುದಿಲ್ಲ. ತಾಳ ಎಲ್ಲಿ ತಪ್ಪುತ್ತದೋ ಅಲ್ಲೇ ನಾಟಕ ಇರುವುದು.

ಪ್ರಾಸವಿಲ್ಲದ ಈ ಸಾಲು ಇಂಗ್ಲಿಷ್ ನಾಟಕಕ್ಕೆ ಬಂದದ್ದು 1561ರ 'ಗಾರ್ಬೊಡಕ್' ಅನ್ನುವ ನಾಟಕದಿಂದ. ಅದರಲ್ಲಿ ಸಾಲು ಮುಗಿದಲ್ಲೆಲ್ಲ ಮಾತೂ ನಿಲ್ಲುತ್ತದೆ, ಸ್ವಲ್ಪ ಹೊತ್ತಿಗೇ ಬೇಜಾರು. 1587ರ ಹೊತ್ತಿಗೆ ನಾಟಕಕಾರ ಮಾರ್ಲೋ ತನ್ನ 'ಟ್ಯಾಂಬರ್ಲೇನ್'ನಲ್ಲಿ ಅದಕ್ಕೆ ಅಬ್ಬರ ಕೊಟ್ಟ. ಅಬ್ಬರ ಜಾಸ್ತಿಯೇ ಆಯಿತು ಅನ್ನಿ. ಷೇಕ್ಸ್‌ಪಿಯರ್ ಮಾಡಿದ್ದು ಬೇರೆ: ಬೇಕಾದ ಕಡೆ ತಾಳವನ್ನೇ ತಪ್ಪಿಸಿದ.

ಸೀಸರ್ ಕೊಲೆಯಾದ ಮೇಲೆ ಬ್ರೂಟಸ್ ರೋಮಿನ ಜನಕ್ಕೆ ಸಮಜಾಯಿಷಿ ಕೊಡುವುದು ಗದ್ಯದಲ್ಲಿ. ತೂಗಿ ತೂಗಿ ಇಟ್ಟ ವಾಕ್ಯಗಳು. ಆಮೇಲೆ ಆಂಟನಿ ಬಂದು ಪದ್ಯ ಶುರು ಮಾಡುತ್ತಾನೆ: 'ಫ್ರೆಂಡ್ಸ್, ರೋಮನ್ಸ್, ಕಂಟ್ರಿಮೆನ್, ಲೆಂಡ್ ಮಿ ಯುವರ್ ಇಯರ್ಸ್.' ನಿಯಮದ ಪ್ರಕಾರ ಸಾಲು ಮೆಲ್ಲಗೆ ಶುರುವಾಗಬೇಕು. ಇಲ್ಲಿ ಮೊದಲ ಪದಕ್ಕೇ ಗುದ್ದು, ಎರಡನೆಯದಕ್ಕೂ ಗುದ್ದು. ಮುಂದೆ ಗುಂಪು ಗಲಾಟೆ ಮಾಡುತ್ತಿದೆ, ಅವನು ಇನ್ನೇನು ಮಾಡಬೇಕು? ಮರುಸಾಲಿಗೇ 'ಐ ಕಮ್ ಟು ಬರಿ ಸೀಸರ್' ಅಂತ ತಾಳ ನೆಟ್ಟಗಾಗುತ್ತದೆ. ನನಗೇನೂ ಸಿಟ್ಟಿಲ್ಲಪ್ಪ ಅನ್ನುವವನ ಹಾಗೆ. ಕಳ್ಳ!

ಲಿಯರ್ ರಾಜ ಸತ್ತ ಮಗಳ ಪಕ್ಕದಲ್ಲಿ ಕೂತು ಹೇಳುವ ಒಂದು ಸಾಲಿನಲ್ಲಿ 'ನೆವರ್' ಬಿಟ್ಟರೆ ಬೇರೆ ಪದವೇ ಇಲ್ಲ. ಐದು ಸಲ. ಆ ಪದಕ್ಕೆ ಒತ್ತು ಮೊದಲಲ್ಲಿ ಬೀಳುವುದರಿಂದ ಐದಕ್ಕೆ ಐದೂ ಜೋಡಿ ತಲೆಕೆಳಗು. 1608ರ ಮುದ್ರಣದಲ್ಲಿ ಮೂರೇ ಸಲ ಇದೆ, 1623ರ ಫೋಲಿಯೋದಲ್ಲಿ, ಅಂದ್ರೆ ಅವನ ನಾಟಕಗಳನ್ನು ಒಟ್ಟು ಸೇರಿಸಿದ ದೊಡ್ಡ ಪುಸ್ತಕದಲ್ಲಿ, ಐದು. ನನ್ನ ಓಟು ಐದಕ್ಕೇ.

ನಮ್ಮಲ್ಲಿ ಈ ಸೂಕ್ಷ್ಮ ಹಿಡಿದವರು ಮಾಸ್ತಿ, ಕುವೆಂಪು. ನಾಟಕಕ್ಕೆ ಸರಳ ರಗಳೆ ಅನ್ನುವ ಪ್ರಾಸವಿಲ್ಲದ ಪದ್ಯ ಬಳಸುವಾಗ ಅವರು ಇಂಗ್ಲಿಷಿನ ಒತ್ತನ್ನು ಕನ್ನಡಕ್ಕೆ ಎಳೆದು ತರಲಿಲ್ಲ. ಐದು ಮಾತ್ರೆಯ ಗಣ ನಮ್ಮದೇ ಇತ್ತು. ಪ್ರಾಸ ಬಿಟ್ಟು, ಮಾತು ಸಾಲು ದಾಟಿ ಹರಿಯಲು ಬಿಟ್ಟರು.

ಮ್ಯಾಕ್‌ಬೆತ್ ವಿಷಯಕ್ಕೆ ಬಂದರೆ ನನಗೆ ಸ್ವಲ್ಪ ರೇಗುತ್ತದೆ. ರಾಜ ಡಂಕನ್‌ನನ್ನು ಕೊಂದು ಬಂದಿದ್ದಾನೆ, ಹೆಂಡತಿ ಕಾಯುತ್ತಿದ್ದಾಳೆ. 'ಡಿಡ್ ನಾಟ್ ಯು ಸ್ಪೀಕ್?' 'ವೆನ್?' 'ನೌ.' 'ಆಸ್ ಐ ಡಿಸೆಂಡೆಡ್?' ಇಬ್ಬರ ಬಾಯಿಂದ ನಾಲ್ಕು ತುಂಡು. ಕೂಡಿಸಿದರೆ ಒಂದೇ ಸಾಲು! ಉಸಿರು ತೆಗೆದುಕೊಳ್ಳುವಷ್ಟೂ ಜಾಗ ಇಲ್ಲ. ಎಷ್ಟೋ ನಟರು ಇಲ್ಲಿ ಒಂದೊಂದು ತುಂಡಿಗೂ ಒಂದು ದೊಡ್ಡ ಮೌನ ಸೇರಿಸುತ್ತಾರೆ, ಭಯ ಹುಟ್ಟಿಸೋಕಂತೆ. ಒಬ್ಬರ ಮಾತಿನ ಬಾಲವನ್ನು ಇನ್ನೊಬ್ಬರು ಹಿಡಿಯುವ ಅವಸರದಲ್ಲೇ ಭಯ ಇದೆಯಲ್ವಾ? ಈಗಿನ ಪುಸ್ತಕಗಳಲ್ಲಿ ಇಂಥ ತುಂಡುಗಳನ್ನು ಮೆಟ್ಟಿಲು ಇಳಿದ ಹಾಗೆ ಬಲಕ್ಕೆ ಸರಿಸಿ ಅಚ್ಚು ಹಾಕಿರುತ್ತಾರೆ. ಸುಮ್ನೆ ಚಂದಕ್ಕೆ ಹಾಗೆ ಮಾಡಿದ್ದಲ್ಲ. ಮುಂದಿನವರು ಕಾಯಬಾರದು ಅಂತ.