ಬರೆಯಲು ಅಪ್ಪಣೆ

ನಮ್ಮ ದುಡ್ಡಿನಲ್ಲಿ ಕೊಂಡು, ನಮ್ಮ ಮೇಜಿನ ಮೇಲಿಟ್ಟು, ನಮ್ಮ ಮನೆಯ ವಿದ್ಯುತ್ತನ್ನೇ ಉಣಿಸುತ್ತಿರುವ ಸಿ.ಡಿ. ಡ್ರೈವು ಒಂದು ದಿನ ಏಕಾಏಕಿ ‘ನಿಮಗೆ ಅನುಮತಿಯಿಲ್ಲ’ ಎಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಲಿನಕ್ಸ್, ಫ್ರೀಬಿಎಸ್‌ಡಿಗಳಂಥ ಯುನಿಕ್ಸ್ ಬಳಗದ ಕಂಪ್ಯೂಟರ್ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಡಿಸ್ಕ್ ಬರೆಯಲು ಹೊರಟವರಿಗೆ ಇದು ಪರಿಚಿತವಾದ ಸಿಟ್ಟು. ನನಗಾದರೋ ಈಚೆಗೆ ಆ ಡ್ರೈವಿನ ಮೇಲೆ ಸಿಟ್ಟಿಗಿಂತ ಗೌರವವೇ ಹೆಚ್ಚಾಗಿದೆ.

ಮೈಸೂರಿನಲ್ಲಿ ಸಿ.ಡಿ.ಯ ಕಾಲ ಪೂರ್ತಿ ಮುಗಿದಿಲ್ಲ. ಸರಸ್ವತಿಪುರದಲ್ಲೋ ಒಂಟಿಕೊಪ್ಪಲಿನಲ್ಲೋ ಹಳೆಯ ಮನೆಯ ಅಟ್ಟ ಹುಡುಕಿದರೆ ಗಣೇಶೋತ್ಸವದ ಕಛೇರಿಗಳನ್ನು ತುಂಬಿಕೊಂಡ ಕ್ಯಾಸೆಟ್ಟುಗಳು ಸಿಗುತ್ತವೆ. ಅವನ್ನು ಕಂಪ್ಯೂಟರಿಗೆ ಇಳಿಸಿಕೊಂಡ ಮೇಲೆ, ಮೊಬೈಲಿನಲ್ಲಿ ಕೇಳಲು ಒಪ್ಪದ ಹಿರಿಯರಿಗಾಗಿ ಡಿಸ್ಕಿಗೆ ಬರೆಯಬೇಕಾಗುತ್ತದೆ. 700 ಎಂ.ಬಿ.ಯ ಡಿಸ್ಕಿನಲ್ಲಿ ಹಾಡಿಗೆ ಸಿಗುವುದು 80 ನಿಮಿಷ, ಕ್ಯಾಸೆಟ್ಟಿನಲ್ಲಿರುವುದು 90. ಹೆಚ್ಚಾದ 10 ನಿಮಿಷವನ್ನು ತನಿಯಾವರ್ತನದಿಂದ ಕತ್ತರಿಸಬೇಕೋ ಮಂಗಳದಿಂದ ಕತ್ತರಿಸಬೇಕೋ ಎಂಬುದು ಬೇರೆಯೇ ತಕರಾರು. ಅದನ್ನು ಮೃದಂಗದವರು ಇಲ್ಲದಾಗ ತೀರ್ಮಾನಿಸುವುದು ಕ್ಷೇಮ.

ಲಿನಕ್ಸಿನಲ್ಲಿ ಡ್ರೈವು ಸಾಮಾನ್ಯವಾಗಿ ‘/ಡೆವ್/ಎಸ್‌ಆರ್0’ ಎಂಬ ಕಡತದ ವೇಷದಲ್ಲಿರುತ್ತದೆ. ಲಿನಕ್ಸಿನ ಒಂದು ರೂಪವಾದ ಡೆಬಿಯನ್ನಿನ ಬಳಗದಲ್ಲಿ ಅದರ ಒಡೆಯ ರೂಟ್, ಅಂದರೆ ಎಲ್ಲ ಹಕ್ಕೂ ಇರುವ ಯಜಮಾನ ಖಾತೆ; ಗುಂಪು ‘ಸಿಡಿರಾಮ್’; ಆರ್ಚ್ ಎಂಬ ಇನ್ನೊಂದು ರೂಪದಲ್ಲಿ ಅದೇ ಗುಂಪಿಗೆ ‘ಆಪ್ಟಿಕಲ್’ ಎಂದು ಹೆಸರು. ಗುಂಪಿನವರಿಗೆ ಓದಲೂ ಬರೆಯಲೂ ಹಕ್ಕುಂಟು, ಹೊರಗಿನವರಿಗೆ ಎರಡೂ ಇಲ್ಲ. ಆದ್ದರಿಂದ ಯೂಸರ್‌ಮಾಡ್ ಆಜ್ಞೆಯಿಂದ ನಮ್ಮ ಹೆಸರನ್ನು ಗುಂಪಿಗೆ ಸೇರಿಸಿ, ಒಮ್ಮೆ ಲಾಗ್‌ಔಟ್ ಆಗಿ ಮತ್ತೆ ಒಳಬಂದರೆ ಕೆಲಸ ಮುಗಿಯಿತು. ಆ ಆಜ್ಞೆಯಲ್ಲಿ ಗುಂಪನ್ನು ಸೂಚಿಸುವ ‘ಜಿ’ಯ ಜೊತೆ, ಇರುವುದಕ್ಕೆ ಸೇರಿಸು ಎನ್ನುವ ‘ಎ’ ಎಂಬ ಅಕ್ಷರ ಇರಲೇಬೇಕು. ಅದು ಬಿಟ್ಟುಹೋದರೆ ಹೊಸ ಗುಂಪಿಗೆ ಸೇರಿದ ಸಂಭ್ರಮದಲ್ಲೇ ಹಳೆಯ ಗುಂಪುಗಳಿಂದೆಲ್ಲ ಹೆಸರು ಹೊಡೆದುಹೋಗುತ್ತದೆ, ರೂಟ್ ಅಧಿಕಾರವನ್ನು ಎರವಲು ಕೊಡುವ ಸುಡೊ ಗುಂಪೂ ಅದರಲ್ಲಿದ್ದರೆ ಮನೆಯ ಯಜಮಾನಿಕೆಯೇ ಹೋದಂತೆ. ಇದನ್ನೆಲ್ಲ ಕೇಳುತ್ತಿದ್ದ ಪಕ್ಕದ ಮನೆಯ ಸಂಗೀತದ ಮೇಷ್ಟ್ರು, “ಅಲ್ರೀ, ನಿಮ್ಮ ಡ್ರೈವಿಗೆ ನೀವೇ ಅರ್ಜಿ ಹಾಕ್ಕೋಬೇಕೇನ್ರೀ?” ಎಂದರು. ಹೌದು ಎನ್ನದೆ ಬೇರೆ ದಾರಿಯಿರಲಿಲ್ಲ.

ಅರ್ಜಿಯ ಹಿಂದೆ ಕಾರಣವಿದೆ. ಡಿಸ್ಕ್ ಬರೆಯುವ ತಂತ್ರಾಂಶವು ಸಾಧಾರಣ ಕಡತಕ್ಕೆ ಬರೆಯುವಂತೆ ಬರೆಯುವುದಿಲ್ಲ. ಡ್ರೈವಿನೊಡನೆ ನೇರವಾಗಿ, ಅದರದೇ ಭಾಷೆಯಾದ ಸ್ಕಸಿ ಆಜ್ಞೆಗಳಲ್ಲಿ ಮಾತನಾಡುತ್ತದೆ. ಲೇಸರನ್ನು ಹೊತ್ತಿಸುವ ಆಜ್ಞೆ ಹೋಗುವ ದಾರಿಯಲ್ಲೇ ಡ್ರೈವನ್ನು ನಡೆಸುವ ಒಳತಂತ್ರಾಂಶವಾದ ಫರ್ಮ್‌ವೇರನ್ನು ಅಳಿಸಿ ಬರೆಯುವ ಆಜ್ಞೆಯೂ ಹೋಗಬಲ್ಲದು. ಒಂದು ಕಾಲದಲ್ಲಿ ಲಿನಕ್ಸಿನಲ್ಲಿ ಬರಿಯ ಓದುವ ಹಕ್ಕಿದ್ದವನೂ ಇಂಥ ಆಜ್ಞೆ ಕಳುಹಿಸಬಹುದಾಗಿತ್ತು. ಓದಲು ಬಂದವನ ಕೈಗೆ ಯಂತ್ರವನ್ನೇ ಕೆಡಿಸುವ ಅಧಿಕಾರ. 2004ರ ಆಗಸ್ಟಿನಲ್ಲಿ ಬಂದ 2.6.8ನೆಯ ಕರ್ನೆಲ್, ಅಂದರೆ ಲಿನಕ್ಸಿನ ತಿರುಳು, ಈ ಆಜ್ಞೆಗಳನ್ನು ಜರಡಿ ಹಿಡಿಯತೊಡಗಿತು, ಸಾಮಾನ್ಯ ಬಳಕೆದಾರರ ಬರವಣಿಗೆ ಎಷ್ಟೋ ಕಡೆ ನಿಂತುಹೋಯಿತು, ಜಗಳಗಳಾದವು. ಆದರೆ ಸ್ವಂತದ ವಸ್ತುವಿಗೂ ಕಾವಲು ಇರುವುದು ನಮ್ಮ ಸೀಮೆಗೆ ಹೊಸದೇನಲ್ಲ. ಮೇಲುಕೋಟೆಯ ಚೆಲುವನಾರಾಯಣನ ವೈರಮುಡಿ ಅವನದೇ ಕಿರೀಟ. ಆದರೂ ಅದು ಇರುವುದು ಮಂಡ್ಯದ ಖಜಾನೆಯಲ್ಲಿ, ಉತ್ಸವದ ದಿನ ಅಧಿಕಾರಿಗಳ ಸಮ್ಮುಖದಲ್ಲಿ ಹೊರಬಂದು ಬೆಟ್ಟ ಹತ್ತಿ, ಮತ್ತೆ ಲೆಕ್ಕದ ಪ್ರಕಾರ ಹಿಂದಿರುಗುತ್ತದೆ.

ಮೊದಲಿನ ಉಪಾಯ ಬೇರೆಯಾಗಿತ್ತು. ಜರ್ಮನಿಯ ಯೋರ್ಗ್ ಶಿಲ್ಲಿಂಗ್ ಬರೆದ ಸಿಡಿರೆಕಾರ್ಡ್ ತಂತ್ರಾಂಶಕ್ಕೆ ರೂಟ್‌ನ ಗುರುತನ್ನೇ ಎರವಲು ಕೊಟ್ಟು, ಯಾರು ಓಡಿಸಿದರೂ ಅದು ರೂಟ್ ಆಗಿ ಓಡುವಂತೆ ಮಾಡುತ್ತಿದ್ದರು. ಅದು ಬರಿಯ ಸೋಮಾರಿತನವೆಂದು ತಳ್ಳಿಹಾಕುವಂತಿಲ್ಲ. ಅತಿ ನಿಧಾನದ ಮೂಲ ವೇಗದಲ್ಲೇ (1x) ಸಿ.ಡಿ. ಸೆಕೆಂಡಿಗೆ ಸುಮಾರು 150 ಕಿಲೋಬೈಟ್ ಬೇಡುತ್ತದೆ. ನಡುವೆ ಮಾಹಿತಿ ಕ್ಷಣಕಾಲ ತಪ್ಪಿದರೂ ಹಳೆಯ ಡ್ರೈವುಗಳಲ್ಲಿ ಡಿಸ್ಕು ಕೆಟ್ಟಿತೆಂದೇ ಅರ್ಥ. ಆದ್ದರಿಂದ ತಂತ್ರಾಂಶವು ಮೆಮೊರಿಯಲ್ಲಿ ತನ್ನ ಜಾಗವನ್ನು ಭದ್ರಪಡಿಸಿಕೊಂಡು, ಉಳಿದ ಕೆಲಸಗಳಿಗಿಂತ ಮೊದಲ ಪಂಕ್ತಿಯಲ್ಲಿ ಕೂರಬೇಕಿತ್ತು. ಅಂಥ ಮರ್ಯಾದೆ ರೂಟ್‌ಗಲ್ಲದೆ ಬೇರೆಯವರಿಗೆ ಸಲ್ಲುತ್ತಿರಲಿಲ್ಲ. ಮಾಹಿತಿ ನಿಂತರೆ ಲೇಸರನ್ನೂ ನಿಲ್ಲಿಸಿ, ನಿಂತಲ್ಲಿಂದಲೇ ಮುಂದುವರಿಸಬಲ್ಲ ಡ್ರೈವುಗಳು ಬಂದ ಮೇಲೆ ಆ ಆತಂಕ ಕಡಿಮೆಯಾಯಿತು. ಪರವಾನಗಿಯ ವ್ಯಾಜ್ಯದಿಂದ 2006ರಲ್ಲಿ ಡೆಬಿಯನ್‌ನವರು ಬೇರೆಯಾಗಿ ವೋಡಿಮ್ ಎಂಬ ಕವಲು ತೆಗೆದದ್ದು ದಾಯಾದಿ ಕಲಹದ ಕಥೆ.

ಇಂದಿನ ಡೆಸ್ಕ್‌ಟಾಪ್‌ಗಳು ಹೆಚ್ಚು ಜಾಣತನ ತೋರುತ್ತವೆ: ಯಂತ್ರದ ಮುಂದೆ ಕುಳಿತು ಲಾಗಿನ್ ಆದವರಿಗೆ, ಅವರು ಕುಳಿತಿರುವವರೆಗೆ ಮಾತ್ರ, ಡ್ರೈವಿನ ಹಕ್ಕನ್ನು ತಾವಾಗಿಯೇ ಕೊಡುತ್ತವೆ, ಡಿಸ್ಕು ತುರುಕುವ ಕೈ ಯಾರದೋ ಅವರೇ ಬರೆಯಲಿ ಎಂಬ ನ್ಯಾಯ ನನಗೆ ಒಪ್ಪಿಗೆಯಾಗಿದೆ. ಫ್ರೀಬಿಎಸ್‌ಡಿಯಲ್ಲಿ ಇಷ್ಟು ದಾಕ್ಷಿಣ್ಯವಿಲ್ಲ. ಅಲ್ಲಿ ‘ಸಿಡಿ0’ ಒಂದಕ್ಕೆ ಹಕ್ಕು ಕೊಟ್ಟರೆ ಸಾಲದು, ಆಜ್ಞೆ ಸಾಗುವ ‘ಪಾಸ್0’ ಮತ್ತು ‘ಎಕ್ಸ್‌ಪಿಟಿ0’ಗಳಿಗೂ ಕೊಡಬೇಕು, ಅದನ್ನೂ ಸಾಧನಗಳ ಕಡತಗಳನ್ನು ನೋಡಿಕೊಳ್ಳುವ ಡೆವ್‌ಎಫ್‌ಎಸ್‌ನ ನಿಯಮಗಳಲ್ಲಿ ಬರೆದಿಡಬೇಕು. ಹಕ್ಕು ಬದಲಿಸುವ ಸಿಎಚ್‌ಮಾಡ್ ಆಜ್ಞೆಯಿಂದ ಎಲ್ಲರಿಗೂ ಬಾಗಿಲು ತೆರೆಯುವ ಅಡ್ಡದಾರಿ ಎರಡು ಕಡೆಯೂ ಮುಂದಿನ ಬೂಟ್‌ವರೆಗೆ ಮಾತ್ರ.

ಅಪ್ಪಣೆ ಸಿಕ್ಕ ಮೇಲೂ ಡಿಸ್ಕ್ ಬರೆಯುವ ತಂತ್ರಾಂಶವಾದ ಕೇತ್ರೀಬಿಯಲ್ಲಿ (K3b) ಬರ್ನ್ ಗುಂಡಿ ಒತ್ತುವ ಮುನ್ನ ಸಿ.ಡಿ.ಯಾದರೆ ಒಮ್ಮೆ ಲೇಸರ್ ಹೊತ್ತಿಸದೆ ಹುಸಿ ಬರವಣಿಗೆ ಮಾಡಿ ನೋಡುವುದು ಒಳ್ಳೆಯದು, ಡಿ.ವಿ.ಡಿ. ಪ್ಲಸ್ ಆರ್ ಡಿಸ್ಕುಗಳಲ್ಲಿ ಆ ಸೌಕರ್ಯವಿಲ್ಲ. ಸಿಡಿರೆಕಾರ್ಡ್ ಅಂತೂ ಯಾರೇ ಬರಲಿ, ಬರೆಯುವ ಮೊದಲು 9 ಸೆಕೆಂಡು ಎಣಿಸಿ, ಬೇಡವೆನ್ನಲು ಇದೇ ಕೊನೆಯ ಅವಕಾಶವೆಂದು ತಿಳಿಸುತ್ತದೆ. ಕರೆಂಟು ಹೋದರೆ ಮಾತ್ರ ರೂಟ್‌ನಿಂದಲೂ ಏನೂ ಆಗದು. ಬೇಸಿಗೆಯ ಸಂಜೆ ಬರೆಯುವವರು ಯು.ಪಿ.ಎಸ್. ಬ್ಯಾಟರಿಯನ್ನು ಮೊದಲು ನೋಡಿಕೊಳ್ಳಬೇಕು.