ಪಾತ್ರೆ ತುಂಬುವವರು ಯಾರು?

ಅಂಬೇಡ್ಕರರ ‘ಬುದ್ಧ ಅಥವಾ ಕಾರ್ಲ್ ಮಾರ್ಕ್ಸ್’ ಪ್ರಬಂಧವನ್ನು ಎಡಪಂಥೀಯರು ಅರ್ಧ ಓದುತ್ತಾರೆ, ಅವರನ್ನು ಕಂಡರಾಗದವರು ಇನ್ನರ್ಧ. ಮಾರ್ಕ್ಸ್ ಹೇಳಿದ್ದರಲ್ಲಿ ಬಹುಪಾಲು ಬಿದ್ದುಹೋಗಿದೆ, ಉಳಿದದ್ದು ಒಂದಿಷ್ಟು ಕೆಂಡ, ಆದರೆ ಮುಖ್ಯವಾದ ಕೆಂಡ ಎನ್ನುತ್ತಾರೆ ಅಂಬೇಡ್ಕರ್. ಖಾಸಗಿ ಆಸ್ತಿ ಒಂದು ವರ್ಗಕ್ಕೆ ಅಧಿಕಾರ, ಇನ್ನೊಂದಕ್ಕೆ ದುಃಖ ತರುತ್ತದೆ, ಅದು ತೊಲಗದೆ ದುಃಖ ತೊಲಗದು ಎಂಬುದು ಆ ಕೆಂಡದ ಭಾಗ.

ಇದಕ್ಕೆ ಬುದ್ಧನ ಕಡೆಯಿಂದ ಅವರು ಕೊಡುವ ಸಾಕ್ಷಿ ವಿನಯದ, ಅಂದರೆ ಭಿಕ್ಷುಗಳ ಶಿಸ್ತುಸಂಹಿತೆಯ, ನಿಯಮ. ಭಿಕ್ಷುವಿಗೆ ಎಂಟೇ ವಸ್ತು: ಮೂರು ಚೀವರ (ಭಿಕ್ಷುವಿನ ಬಟ್ಟೆ), ಸೊಂಟಪಟ್ಟಿ, ಭಿಕ್ಷಾಪಾತ್ರೆ, ಕ್ಷೌರದ ಕತ್ತಿ, ಸೂಜಿ, ನೀರು ಸೋಸುವ ಜರಡಿ. ಚಿನ್ನ ಬೆಳ್ಳಿ ಪಡೆಯುವಂತಿಲ್ಲ. ರಷ್ಯಾದ ಕಮ್ಯುನಿಸಂಗಿಂತ ಇದು ಕಟ್ಟುನಿಟ್ಟು ಎಂಬುದು ಅವರ ವಾದ.

ನನಗೆ ವಾದ ಸಡಿಲ ಅನ್ನಿಸುವುದು ಇಲ್ಲೇ. ಭಿಕ್ಷು ಉಳುವುದಿಲ್ಲ. ಪಾತ್ರೆಗೆ ಬೀಳುವ ಅನ್ನ ಗೃಹಸ್ಥನ ಹೊಲದ್ದು. ಭಿಕ್ಷುಸಂಘಕ್ಕೆ ಜೇತವನದ ವಿಹಾರ ಕೊಟ್ಟ ಅನಾಥಪಿಂಡಿಕ ಭಾರೀ ಸಿರಿವಂತ. ಸಂಘದ ಒಳಗೆ ಆಸ್ತಿ ಇಲ್ಲದಿರಲು ಹೊರಗೆ ಆಸ್ತಿ ಇರಲೇಬೇಕು. ಇನ್ನೂ ಚುಚ್ಚುವ ವಿಷಯ ವಿನಯದ ಭಾಗವಾದ ಮಹಾವಗ್ಗದಲ್ಲಿದೆ: ಸಾಲಗಾರ, ದಾಸ, ರಾಜಸೇವೆಯ ಸೈನಿಕ, ಈ ಮೂವರಿಗೂ ಪ್ರವ್ರಜ್ಯೆ, ಅಂದರೆ ಸಂಘ ಸೇರುವ ದೀಕ್ಷೆ, ಇಲ್ಲ. ಸೈನಿಕರ ನಿಯಮ ಬಂದದ್ದಂತೂ ಮಗಧದ ಬಿಂಬಿಸಾರ ಕೇಳಿಕೊಂಡ ಮೇಲೆ. ಯಾರಿಗೆ ಬಿಡುಗಡೆ ತುರ್ತಾಗಿತ್ತೋ ಅವರಿಗೇ ಬಾಗಿಲು ಮುಚ್ಚಿತ್ತು.

ಅಂಬೇಡ್ಕರರಿಗೆ ಇದು ಹೊಳೆದಿರಲಿಲ್ಲವೇ? ಆಸ್ತಿಯ ಪ್ರಶ್ನೆಯನ್ನು ಅವರು ಬುದ್ಧನ ಧಮ್ಮವೊಂದಕ್ಕೇ ಬಿಟ್ಟವರಲ್ಲ. ಸಂವಿಧಾನ ಸಭೆಗೆಂದು ಅವರು ಬರೆದ 1947ರ ಮನವಿ ‘ಸ್ಟೇಟ್ಸ್ ಅಂಡ್ ಮೈನಾರಿಟೀಸ್’ ತೆರೆದು ನೋಡಿ. ಮೂಲ ಕೈಗಾರಿಕೆ, ವಿಮೆ, ಕೃಷಿಭೂಮಿ ಎಲ್ಲ ಸರ್ಕಾರದ ಒಡೆತನಕ್ಕೆ. ಭೂಮಾಲೀಕರಿಗೆ ಡಿಬೆಂಚರ್ (ಸಾಲಪತ್ರ) ರೂಪದ ಪರಿಹಾರ. ಜಾತಿ ನೋಡದೆ ಹಳ್ಳಿಗರಿಗೆ ಹಂಚಿ ಸಾಮೂಹಿಕ ಬೇಸಾಯ. ಹತ್ತು ವರ್ಷದೊಳಗೆ ಜಾರಿ. ಇದನ್ನು ಸಂವಿಧಾನದಲ್ಲೇ ಬರೆಯಬೇಕೆಂದರು, ಮುಂದೆ ಬರುವ ಬಹುಮತ ಅಳಿಸದಿರಲಿ ಎಂದು.

ಮತ್ತೆ ಧಮ್ಮ ಯಾಕೆ? ಅಂಬೇಡ್ಕರ್ ಕಮ್ಯುನಿಸ್ಟರನ್ನು ಕೇಳಿದ್ದು ಇದು: ಪ್ರಭುತ್ವ ತಾನಾಗಿ ಉದುರುತ್ತದೆ ಅನ್ನುತ್ತೀರಿ, ಯಾವಾಗ? ಆ ಜಾಗಕ್ಕೆ ಬರುವುದೇನು? ಈ ಸವಾಲಿಗೆ ಸರಿಯಾದ ಉತ್ತರ ಇವತ್ತಿಗೂ ನನಗೆ ಕಂಡಿಲ್ಲ. ಬಲಪ್ರಯೋಗ ನಿಂತ ಮೇಲೂ ಸಮಾನತೆ ಉಳಿಯಬೇಕಾದರೆ ಜನರ ಮನಸ್ಸು ಒಪ್ಪಿರಬೇಕು. ಧಮ್ಮಕ್ಕೆ ಅವರು ವಹಿಸಿದ್ದು ಆ ಕೆಲಸವನ್ನು. 1956ರ ಅಕ್ಟೋಬರ್ 14ರಂದು ನಾಗಪುರದ ಬೌದ್ಧ ದೀಕ್ಷೆಯಲ್ಲಿ 22 ಪ್ರತಿಜ್ಞೆ ಮಾಡಿಸಿದ್ದು ಮನೆಮಠ ಇದ್ದ ಗೃಹಸ್ಥರಿಂದ. ಯಾರೂ ಸಂಘ ಸೇರಬೇಕಿರಲಿಲ್ಲ, ಸಾಲಗಾರನಿಗೂ ತಡೆ ಇರಲಿಲ್ಲ.

ಭೂಮಿಯ ಕಲಂ ಮಾತ್ರ ಸಂವಿಧಾನ ಸೇರಲಿಲ್ಲ. ಬುದ್ಧನ ಹೆಸರಲ್ಲಿ ಮಾರ್ಕ್ಸನನ್ನು ಹಳಿಯುವವರು ಆ ಕಲಂ ಬೇಕೋ ಬೇಡವೋ ಅನ್ನುವುದನ್ನು ಮೊದಲು ಹೇಳಲಿ.