ಊರು ಬಿದ್ದರೂ ಪರವಾಗಿಲ್ಲ, ಮುತ್ತು ಮಾತ್ರ ಬೇಡ

33 ಸೆಕೆಂಡ್. 2025ರ ಜುಲೈನಲ್ಲಿ ಬಂದ ‘ಸೂಪರ್‌ಮ್ಯಾನ್’ ಸಿನಿಮಾದಿಂದ ನಮ್ಮ ಸೆನ್ಸಾರ್ ಮಂಡಳಿ ಕತ್ತರಿಸಿ ತೆಗೆದ ಮುತ್ತಿನ ಉದ್ದ ಅಷ್ಟು. ಯಾರೋ ಪುಣ್ಯಾತ್ಮರು ಕೂತು, ಮುತ್ತು ಎಲ್ಲಿ ಶುರುವಾಯಿತು ಎಲ್ಲಿ ಮುಗಿಯಿತು ಅಂತ ಹಿಂದೆ ಮುಂದೆ ಓಡಿಸಿ ನೋಡಿ, ಲೆಕ್ಕ ಬರೆದುಕೊಂಡಿರಬೇಕಲ್ವಾ? ನಾವು ಒಂದು ಸಲ ನೋಡಿದರೆ ಕೆಟ್ಟು ಹೋಗುತ್ತೇವೆ ಅಂತ ನಮ್ಮ ಪರವಾಗಿ ಅವರೇ ಹತ್ತಾರು ಸಲ ನೋಡಿದ್ದಾರೆ. ಸಣ್ಣ ತ್ಯಾಗವೇನಲ್ಲ.

ಅಕ್ಕನ ಮಗನಿಗೆ 13 ತುಂಬಿದ ದಿನ ನಾವೆಲ್ಲ ಹಾಸನದಲ್ಲಿ ಇದೇ ಸಿನಿಮಾಕ್ಕೆ ಹೋದೆವು, ಅಜ್ಜಿ ಸಮೇತ. ಸರ್ಟಿಫಿಕೇಟು ಯುಎ 13+. ಅಂದರೆ 13 ತುಂಬದ ಮಕ್ಕಳಿಗೆ ಮಾತ್ರ ಅಪ್ಪ ಅಮ್ಮನ ಮಾರ್ಗದರ್ಶನ ಬೇಕು. ಹುಡುಗ ಅವತ್ತೇ ಸರ್ಕಾರದ ಲೆಕ್ಕದಲ್ಲಿ ದೊಡ್ಡವನಾಗಿದ್ದ, ಬೀಗುತ್ತಲೇ ಸೀಟಲ್ಲಿ ಕೂತ. ಪಾಪ, ಮುತ್ತಿನ ವಿಷಯಕ್ಕೆ ಬಂದರೆ ಅವನಿಗೂ ಅಜ್ಜಿಗೂ ಒಂದೇ ವಯಸ್ಸು. ನಾಲ್ಕು ಮಕ್ಕಳನ್ನು ಹೆತ್ತ ಅಜ್ಜಿಗೂ ಅದನ್ನು ನೋಡುವಷ್ಟು ಬುದ್ಧಿ ಬಲಿತಿಲ್ಲ ಅಂತ ಮಂಡಳಿ ತೀರ್ಮಾನ ಮಾಡಿಬಿಟ್ಟಿದೆ.

ಉಳಿದದ್ದಕ್ಕೇನೂ ಕೊರತೆ ಇರಲಿಲ್ಲ. ಬೆಟ್ಟದಂಥ ರಾಕ್ಷಸ ಪ್ರಾಣಿ ಬಂತು. ಇಡೀ ನಗರ ಹೊಲ ಉತ್ತ ಹಾಗೆ ಎರಡಾಗಿ ಸೀಳಿತು, ಒಂದರ ಮೇಲೊಂದು ಕಟ್ಟಡ ಉರುಳಿದವು. ಇವೆಲ್ಲ ಮಕ್ಕಳಿಗೆ ಒಳ್ಳೆಯದು, ನೋಡಲಿ ಬಿಡಿ. ಅಜ್ಜಿ ಮಾತ್ರ ನನ್ನ ತೋಳು ಹಿಡಿದು, ‘ಅಲ್ಲ ಕಣಪ್ಪ, ಇಷ್ಟೊಂದು ಮನೆ ಬಿದ್ದೋಯ್ತಲ್ಲ, ಪರಿಹಾರ ಯಾರು ಕೊಡ್ತಾರೆ?’ ಅಂದರು. ಆಲೂರು ಕಡೆಯವರು, ಆನೆ ತುಳಿದ ಗದ್ದೆಗೆ ಅರ್ಜಿ ಹಾಕಿ ಅನುಭವ ಇದೆ.

ಕತ್ತರಿ ಬಿದ್ದ ಜಾಗ ಯಾರಿಗೂ ಗೊತ್ತಾಗಬಾರದು ಅಂತ ಇವರ ಆಸೆ ಇರಬಹುದು. ಹಿಂದಿನ ಸಾಲಿನ ಪಡ್ಡೆಗಳು ‘ಹೋಯ್ತು ಹೋಯ್ತು’ ಅಂತ ಕೂಗಿದರು. ನಮ್ಮ ಹುಡುಗ ಅಜ್ಜಿಗೆ ಕೇಳಿಸದ ಹಾಗೆ ನನ್ನ ಕಿವಿಯಲ್ಲಿ, ‘ಮಾಮ, ಇಲ್ಲಿ ಕಟ್ ಆಗಿದೆ. ಆಮೇಲೆ ಫೋನಲ್ಲಿ ತೋರಿಸ್ತೀನಿ’ ಅಂದ. ಮಾರ್ಗದರ್ಶನ ಅಂದರೆ ಇದೇ ಇರಬೇಕು, ಸುಮ್ನೆ ದಿಕ್ಕು ಉಲ್ಟಾ ಆಗಿದೆ ಅಷ್ಟೇ.

ಈ ಚಾಳಿ ಹೊಸದೇನಲ್ಲ. 2015ರಲ್ಲಿ ಜೇಮ್ಸ್ ಬಾಂಡ್‌ನ ‘ಸ್ಪೆಕ್ಟರ್’ ಬಂದಾಗ ಮುತ್ತುಗಳನ್ನು ಅರ್ಧಕ್ಕೆ ಇಳಿಸಿದ್ದರು. ಕೊಲ್ಲೋಕೆ ಲೈಸೆನ್ಸ್ ಇರುವ ಮನುಷ್ಯ, ಮುತ್ತಿಗೆ ಮಾತ್ರ ಅರ್ಧ ರೇಷನ್. ಸೂಪರ್‌ಮ್ಯಾನ್‌ಗಿಂತ ಸ್ವಲ್ಪ ಮುಂಚೆ ಬಂದ ‘ಎಫ್ ಒನ್’ ಸಿನಿಮಾದಲ್ಲಿ ಮಧ್ಯದ ಬೆರಳು ತೋರಿಸುವ ಒಂದು ಎಮೋಜಿಯನ್ನು ತೆಗೆದು ಮುಷ್ಟಿಯ ಎಮೋಜಿ ಕೂರಿಸಿದರು. ಬೆರಳು ತೋರಿಸಿದರೆ ಅಸಭ್ಯ, ಗುದ್ದು ತೋರಿಸಿದರೆ ಸಂಸ್ಕೃತಿ.

ಸಂಸ್ಕೃತಿ ಅಂದಮೇಲೆ ನಮ್ಮ ಜಿಲ್ಲೆಯನ್ನು ಬಿಡೋದು ಹೇಗೆ? ಹಾಸನದಿಂದ ಬಸ್ ಹತ್ತಿದರೆ ಬೇಲೂರು. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ದೇವಸ್ಥಾನ. ಮೈಗೆ ಬಟ್ಟೆಗಿಂತ ಒಡವೆಯೇ ಜಾಸ್ತಿ ಇರುವ ಮದನಿಕೆಯರು ಅಲ್ಲಿ ಕನ್ನಡಿ ಹಿಡಿದು, ಕುಣಿದು, ಸೊಂಟ ಬಳುಕಿಸಿ ನಿಂತಿದ್ದಾರೆ. ಒಬ್ಬಳ ಸೀರೆಯನ್ನು ಕೋತಿ ಎಳೆಯುತ್ತಿದೆ. ಶಾಲೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಗೈಡು ಬೊಟ್ಟು ಮಾಡಿ ತೋರಿಸಿ ನಗಿಸುತ್ತಾನೆ, ಮೇಷ್ಟ್ರೂ ನಗುತ್ತಾರೆ. ಒಂದು ಸರ್ಟಿಫಿಕೇಟಿಲ್ಲ, ಒಂದು ಕಟ್ ಇಲ್ಲ. 2023ರಲ್ಲಿ ಯುನೆಸ್ಕೋದವರು ಬೇರೆ ಇದನ್ನೆಲ್ಲ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದ್ದಾರೆ.

ಮಂಡಳಿಯವರು ದಯವಿಟ್ಟು ಒಮ್ಮೆ ಈ ಕಡೆ ಬರಬೇಕು. ದೇವಸ್ಥಾನದ ಬಾಗಿಲಿಗೆ ಯುಎ 13+ ಬೋರ್ಡ್ ಹಾಕಲಿ. ಕೋತಿಯನ್ನು ಹಾಗೇ ಬಿಟ್ಟು ಸೀರೆಯನ್ನು ಮಾತ್ರ ಬ್ಲರ್ ಮಾಡಲಿ. ಕನ್ನಡಿ ಹಿಡಿದವಳ ಕೈಗೆ ಮುಷ್ಟಿ ಕೂರಿಸಲಿ. ಗೋಡೆಯ ಕೆಳಗೆ ಸಾಲಾಗಿ ಆನೆಗಳಿವೆ, ಅವುಗಳ ತಂಟೆಗೆ ಹೋಗೋದು ಬೇಡ. ನಮ್ಮ ಕಡೆ ಆನೆಗಳು ಏನು ತುಳಿದರೂ ಯಾರೂ ಕೇಳೋದಿಲ್ಲ.